ಉದ್ಯಮ ಸಮಾವೇಶದಲ್ಲಿ ಕಲಿತದ್ದನ್ನು ಕಾರ್ಖಾನೆಗೆ ಇಳಿಸುವುದು ಹೇಗೆ? ಹಾಸನದ ಸಣ್ಣ ಉದ್ದಿಮೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ನಾನು ಹಲವು ವರ್ಷ ಉತ್ಪಾದನಾ ವಿಭಾಗವನ್ನು ನೋಡಿಕೊಂಡಿದ್ದೇನೆ. ಪ್ರೆಸ್‌ನಲ್ಲಿ ಒತ್ತುವ ಮತ್ತು ಲೇತಿನಲ್ಲಿ ತಿರುವುವ ಬಿಡಿಭಾಗಗಳು ನಮ್ಮ ಕೆಲಸ. ಬೆಂಗಳೂರಿನ ಸಮಾವೇಶ, ಯಂತ್ರ ಮೇಳಗಳಿಗೆ ಹೋಗಿಬಂದ ಸುತ್ತಮುತ್ತಲಿನ ಮಾಲೀಕರು ಮತ್ತು ಮೇಲ್ವಿಚಾರಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವುಗಳನ್ನು ಉತ್ತರಗಳೊಂದಿಗೆ ಇಲ್ಲಿ ಒಟ್ಟು ಮಾಡಿದ್ದೇನೆ.

ಎರಡು ದಿನದ ಸಮಾವೇಶ ಮುಗಿಸಿ ಬಂದಿದ್ದೇವೆ. ಮೊದಲು ಮಾಡಬೇಕಾದ ಕೆಲಸ ಯಾವುದು?

ಹಾಸನಕ್ಕೆ ಮರಳುವ ದಾರಿಯಲ್ಲೇ, ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ, ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಮರುದಿನ ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟ ಕೂಡಲೇ ಕೆಟ್ಟು ನಿಂತ ಯಂತ್ರ, ಬಾರದ ಕಚ್ಚಾವಸ್ತು, ಗ್ರಾಹಕರ ತುರ್ತು ಕರೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಸಮಾವೇಶದಲ್ಲಿ ಕೊಟ್ಟ ಚೀಲ ಬೀರುವಿನ ಮೇಲೇರಿದರೆ ಮುಂದಿನ ವರ್ಷದ ಚೀಲ ಬರುವ ತನಕ ಕೆಳಗಿಳಿಯುವುದಿಲ್ಲ.

ಆ ಹಾಳೆಯಲ್ಲಿ ಭಾಷಣದ ಸಾರಾಂಶ ಬೇಕಾಗಿಲ್ಲ. ವೇದಿಕೆಯ ಮೇಲೆ ಮಾತನಾಡಿದವರು ಹೇಳಿದ್ದು ತಮ್ಮ ಕಾರ್ಖಾನೆಯ ತೊಂದರೆಗೆ ತಾವು ಕಂಡುಕೊಂಡ ಉತ್ತರವನ್ನು. ಅವರ ತೊಂದರೆ ಏನಾಗಿತ್ತು, ಅದೇ ತೊಂದರೆ ನಮ್ಮಲ್ಲಿ ಯಾವ ಯಂತ್ರದ ಬಳಿ ಇದೆ, ಇದ್ದರೆ ಅದರ ಬಗ್ಗೆ ನಮ್ಮಲ್ಲಿ ಯಾರಿಗೆ ಹೆಚ್ಚು ಗೊತ್ತು ಎಂಬಷ್ಟನ್ನು ಬರೆದರೆ ಸಾಕು. ಎರಡನೆಯದಕ್ಕೆ ಉತ್ತರ ಹೊಳೆಯದಿದ್ದರೆ, ಭಾಷಣ ಎಷ್ಟೇ ಸೊಗಸಾಗಿದ್ದರೂ ಆ ವಿಷಯವನ್ನು ಬದಿಗಿಡುವುದು ಒಳ್ಳೆಯದು.

ವೇದಿಕೆಯ ಮೇಲೆ ಬರುವ ಉದಾಹರಣೆಗಳೆಲ್ಲ ದೊಡ್ಡ ಕಂಪನಿಗಳವು. ಮೂವತ್ತು ಜನರ ಘಟಕಕ್ಕೆ ಅವು ಹೊಂದುತ್ತವೆಯೇ?

ಕೆಲವು ಚೆನ್ನಾಗಿಯೇ ಹೊಂದುತ್ತವೆ. ಎಲ್ಲರೂ ಹೆಸರು ಹೇಳುವ, ಜಪಾನಿನ ಕಾರು ಕಂಪನಿ ಟೊಯೋಟಾದ ಉತ್ಪಾದನಾ ಪದ್ಧತಿಯ ಹಿನ್ನೆಲೆಯನ್ನೇ ನೋಡಿ. 1950ರಲ್ಲಿ ಆ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ನೌಕರರನ್ನು ಕಡಿಮೆ ಮಾಡಬೇಕಾಯಿತು, ಮುಷ್ಕರ ನಡೆಯಿತು, ಸ್ಥಾಪಕರಾದ ಕಿಇಚಿರೊ ಟೊಯೋಡಾ ಅಧ್ಯಕ್ಷ ಸ್ಥಾನವನ್ನೇ ಬಿಟ್ಟರು. ದೊಡ್ಡ ಯಂತ್ರಗಳಿಗೆ ಹಣವಿಲ್ಲದೆ, ಸ್ವಲ್ಪ ಸ್ವಲ್ಪ ಪ್ರಮಾಣದಲ್ಲಿ ಹಲವು ಬಗೆಯ ಮಾಲು ತಯಾರಿಸಬೇಕಾಗಿದ್ದ ಕಾಲದಲ್ಲಿ ಅಲ್ಲಿನ ಎಂಜಿನಿಯರ್ ತೈಇಚಿ ಒನೊ ಮತ್ತು ಅವರ ಜೊತೆಗಾರರು ರೂಪಿಸಿದ ಕ್ರಮ ಅದು. ಆ ಪರಿಸ್ಥಿತಿ ಇಂದಿನ ಟೊಯೋಟಾಗಿಂತ ನಮ್ಮ ಸಣ್ಣ ಘಟಕಗಳಿಗೇ ಹತ್ತಿರವಾಗಿದೆ.

ಆದರೆ ಅದೇ ಪದ್ಧತಿಯ ಎಲ್ಲ ಭಾಗವನ್ನೂ ಕಣ್ಣುಮುಚ್ಚಿ ಇಳಿಸಲು ಬರುವುದಿಲ್ಲ. ದಾಸ್ತಾನನ್ನು ಶೂನ್ಯಕ್ಕೆ ತನ್ನಿ ಎಂಬ ಮಾತನ್ನು ಪ್ರತಿ ಸಮಾವೇಶದಲ್ಲೂ ಕೇಳುತ್ತೇವೆ. ಸರಕು ಪೂರೈಸುವವರು ಪಕ್ಕದಲ್ಲೇ ಇರುವವರಿಗೆ ಅದು ಸಾಧ್ಯ. ಮಂಗಳೂರು ಬಂದರಿನಿಂದ ಕಚ್ಚಾವಸ್ತು ತರಿಸುವ ಹಾಸನದ ಘಟಕ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆ, ತೆರೆದ ಕೆಲವೇ ವಾರಗಳಲ್ಲಿ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್ ಆಯಿತು. 2024ರ ಜುಲೈನಲ್ಲೂ ಸಕಲೇಶಪುರದ ಆಚೆ ದೋಣಿಗಾಲ್ ಸುತ್ತ ಮಣ್ಣು ಜಾರಿ ವಾಹನ ಸಂಚಾರ ನಿಂತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ಮೂಲಕ ಬರುವ ಮಾಲಿನ ದಾಸ್ತಾನನ್ನು ಹೆಚ್ಚಿಸಿ, ಉಳಿದ ತಿಂಗಳು ಇಳಿಸುವುದು ನಮ್ಮ ಪ್ರದೇಶಕ್ಕೆ ತಕ್ಕ ಲೆಕ್ಕ. ಹೊಸೂರಿನವರಿಗೆ ಈ ಯೋಚನೆ ಬೇಕಾಗುವುದಿಲ್ಲ, ಅವರ ಭಾಷಣದಲ್ಲಿ ಇದು ಬರುವುದೂ ಇಲ್ಲ.

ಹತ್ತು ವಿಷಯ ಕೇಳಿಬಂದಿದ್ದೇವೆ. ಯಾವುದರಿಂದ ಆರಂಭಿಸಬೇಕು?

ಕಾರ್ಖಾನೆಯಲ್ಲಿ ಮಾಲು ಎಲ್ಲಿ ರಾಶಿ ಬೀಳುತ್ತಿದೆಯೋ ಅಲ್ಲಿಂದ. ಕ್ರೇಟುಗಳು ಸಾಲುಗಟ್ಟಿ ಕಾಯುತ್ತಿರುವ ಯಂತ್ರವೇ ಇಡೀ ಘಟಕದ ವೇಗವನ್ನು ತೀರ್ಮಾನಿಸುತ್ತದೆ. ಉಳಿದೆಡೆ ಮಾಡಿದ ಸುಧಾರಣೆ ಆ ಸಾಲನ್ನು ಇನ್ನಷ್ಟು ಉದ್ದ ಮಾಡುತ್ತದೆ, ಅಷ್ಟೇ.

ನಮ್ಮಲ್ಲಿ ಅಂಥ ಸಾಲು ಇದ್ದದ್ದು ಒಂದು ಪವರ್ ಪ್ರೆಸ್‌ನ ಮುಂದೆ. ಹೊಸ ಪ್ರೆಸ್ ಕೊಳ್ಳಬೇಕೆಂಬ ಮಾತು ನಡೆದಿದ್ದಾಗಲೇ ಒಂದು ಸಮಾವೇಶದಲ್ಲಿ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬದಲಾವಣೆಯ ಸಮಯ ಇಳಿಸುವ ಬಗ್ಗೆ ಕೇಳಿಬಂದೆ. ಶಿಗೆಒ ಶಿಂಗೊ ಎಂಬ ಜಪಾನಿ ಎಂಜಿನಿಯರ್ 1950ರಲ್ಲಿ ಹಿರೊಶಿಮಾದ ಮಜ್ದಾ ಕಾರ್ಖಾನೆಯಲ್ಲಿ ಇದನ್ನು ಮೊದಲು ಗಮನಿಸಿದರು: ದೊಡ್ಡ ಪ್ರೆಸ್ ನಿಂತಿತ್ತು, ಕೆಲಸಗಾರ ಒಂದು ಬೋಲ್ಟ್ ಹುಡುಕಿಕೊಂಡು ಕಾರ್ಖಾನೆಯೆಲ್ಲ ಅಲೆಯುತ್ತಿದ್ದ. ಯಂತ್ರ ನಿಲ್ಲಿಸಿದಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದದ್ದು ಯಾವುದು ಎಂದು ಅವರು ಬೇರೆ ಮಾಡಿದರು. 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್‌ನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದ ಬದಲಾವಣೆಯನ್ನು ಮೊದಲು ಒಂದೂವರೆ ಗಂಟೆಗೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಿದ್ದು ಹೀಗೆಯೇ.

ನಾವು ಮಾಡಿದ್ದು ಇಷ್ಟು. ಒಂದು ಏಣಿಗೆ ಮೊಬೈಲ್ ಕಟ್ಟಿ, ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವರು) ಡೈ ಬದಲಾಯಿಸುವುದನ್ನು ಆರಂಭದಿಂದ ಕೊನೆಯವರೆಗೆ ವಿಡಿಯೊ ಮಾಡಿ, ಊಟದ ನಂತರ ಅವರ ಜೊತೆಯಲ್ಲೇ ಕುಳಿತು ನೋಡಿದೆವು. ಒಂದು ಗಂಟೆ ಐವತ್ತು ನಿಮಿಷದ ಆ ವಿಡಿಯೊದಲ್ಲಿ ಅರ್ಧದಷ್ಟು ಹೊತ್ತು ಪ್ರೆಸ್‌ನ ಮುಂದೆ ಯಾರೂ ಇರಲಿಲ್ಲ. ಸೆಟ್ಟರ್ ಸ್ಪ್ಯಾನರಿಗೆ ಸ್ಟೋರ್‌ಗೆ ಹೋಗಿದ್ದರು, ಪ್ಯಾಕಿಂಗ್ ಕೊಡಲು ಲೋಹದ ಪಟ್ಟಿ ಹುಡುಕುತ್ತಾ ಸ್ಕ್ರ್ಯಾಪ್ ರಾಶಿಗೆ ಹೋಗಿದ್ದರು, ಡೈ ಎತ್ತುವ ಟ್ರಾಲಿ ಬೇರೆಯವರ ಬಳಿ ಇದ್ದುದರಿಂದ ಅಲ್ಲಿ ನಿಂತು ಕಾದಿದ್ದರು. ವಿಡಿಯೊ ನೋಡುತ್ತಾ ಅವರೇ ನಕ್ಕು, "ಸಾರ್, ನಾನು ಕೆಲ್ಸ ಮಾಡಿದ್ದಕ್ಕಿಂತ ನಡೆದಿದ್ದೇ ಜಾಸ್ತಿ" ಎಂದರು. ಆ ವಾರವೇ ಪ್ರೆಸ್‌ನ ಪಕ್ಕದ ಕಂಬಕ್ಕೆ ಹಲಗೆ ಹೊಡೆದು, ಬೇಕಾದ ಸ್ಪ್ಯಾನರ್, ಅಲನ್ ಕೀ, ಕ್ಲಾಂಪುಗಳನ್ನು ಅಲ್ಲೇ ನೇತುಹಾಕಿದೆವು. ಎಲ್ಲ ಡೈಗಳ ಎತ್ತರ ಒಂದೇ ಆಗುವಂತೆ ಅವುಗಳ ಕೆಳಗೆ ಪ್ಲೇಟ್ ಕೊಟ್ಟೆವು. ಮುಂದಿನ ಡೈಯನ್ನು ಹಿಂದಿನ ಜಾಬ್ (ತಯಾರಾಗುತ್ತಿರುವ ಬಿಡಿಭಾಗ) ಮುಗಿಯುವ ಮೊದಲೇ ಟ್ರಾಲಿಯ ಮೇಲೆ ಸಿದ್ಧವಾಗಿಡುವ ರೂಢಿ ಮಾಡಿದೆವು. ಮೂರು ನಿಮಿಷಕ್ಕೇನೂ ಇಳಿಯಲಿಲ್ಲ, ಆದರೆ ಮುಕ್ಕಾಲು ಗಂಟೆಯೊಳಗೆ ಬಂತು, ಹೊಸ ಪ್ರೆಸ್‌ನ ಮಾತು ಅಲ್ಲಿಗೇ ನಿಂತಿತು.

"ಇದೆಲ್ಲ ಬೆಂಗ್ಳೂರಲ್ಲಿ ನಡೀತದೆ ಸಾರ್, ನಮ್ಮಲ್ಲಿ ನಡೆಯಲ್ಲ" ಎನ್ನುವ ಕೆಲಸಗಾರರನ್ನು ಒಪ್ಪಿಸುವುದು ಹೇಗೆ?

ಆ ಮಾತನ್ನು ಸೋಮಾರಿತನವೆಂದು ತಿಳಿಯಬೇಡಿ. ಬಹಳ ಸಲ ಅದರ ಹಿಂದೆ ಸರಿಯಾದ ಲೆಕ್ಕವೇ ಇರುತ್ತದೆ. ಸೆಟ್ಟಿಂಗ್ ಬೇಗ ಮುಗಿದರೆ ಓಟಿ ಹೋಗುತ್ತದೆ. ಉತ್ಪಾದನೆ ಹೆಚ್ಚಿದರೆ ಮರುದಿನದಿಂದ ಅದೇ ಟಾರ್ಗೆಟ್ ಆಗುತ್ತದೆ. ಯಂತ್ರ ತಾನಾಗಿಯೇ ನಡೆಯುವಂತಾದರೆ ಇಬ್ಬರಲ್ಲಿ ಒಬ್ಬರು ಮನೆಗೆ ಹೋಗಬೇಕಾಗುತ್ತದೆ. ಹಿಂದೆ ಎಲ್ಲೋ ಹಾಗೆ ಆದದ್ದನ್ನು ಕಂಡವರೇ ಈ ಮಾತು ಹೇಳುವುದು. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ, ಈ ಸುಧಾರಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲ ಎಂದು ಮಾಲೀಕರೇ ಎದುರು ನಿಂತು ಹೇಳಬೇಕು, ಹೇಳಿದಂತೆ ನಡೆಯಲೂ ಬೇಕು. ಓಟಿ ನಿಜವಾಗಿಯೂ ಕಡಿಮೆಯಾಗುವುದಾದರೆ ಉಳಿತಾಯದ ಒಂದು ಪಾಲು ಅವರಿಗೆ ಯಾವ ರೂಪದಲ್ಲಿ ಮರಳುತ್ತದೆ ಎಂಬುದನ್ನು ಆಗಲೇ ತೀರ್ಮಾನಿಸಿಡಿ.

ಇನ್ನೊಂದು ದಾರಿ, ಮುಂದಿನ ಸಲ ಮೇಳಕ್ಕೆ ಹೋಗುವಾಗ ಒಬ್ಬ ಸೆಟ್ಟರ್ ಅಥವಾ ಫಿಟ್ಟರ್‌ನನ್ನು ಜೊತೆಗೆ ಕರೆದುಕೊಂಡು ಹೋಗುವುದು. ಮಾಲೀಕರು ಬಂದು ಹೇಳಿದರೆ ಅದು ಆಜ್ಞೆಯಾಗುತ್ತದೆ. ಜೊತೆಗೆ ಕೆಲಸ ಮಾಡುವವನು "ನಾನು ಕಣ್ಣಾರೆ ನೋಡ್ದೆ ಕಣಣ್ಣ" ಎಂದರೆ ಹತ್ತು ಜನ ಕಿವಿಗೊಡುತ್ತಾರೆ.

ಬದಲಾವಣೆಯನ್ನು ಯಾವ ಸಮಯದಲ್ಲಿ ಆರಂಭಿಸಬೇಕೆಂಬುದಕ್ಕೂ ನಿಯಮವಿದೆಯೇ?

ನಿಯಮವಿಲ್ಲ, ಆದರೆ ನಮ್ಮ ಊರಿನ ಪಂಚಾಂಗ ನೋಡಿಕೊಳ್ಳಬೇಕು. ಇಲ್ಲಿನ ಕೆಲಸಗಾರರಲ್ಲಿ ಅನೇಕರಿಗೆ ಹೊಲವಿದೆ. ಮುಂಗಾರಿನ ಹೊತ್ತಿಗೆ ಆಲೂಗಡ್ಡೆ ಬಿತ್ತನೆ, ವರ್ಷದ ಕೊನೆಗೆ ರಾಗಿ ಕೊಯ್ಲು ಬಂದಾಗ ಹಾಜರಿ ಇಳಿಯುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಮನೆ ತುಂಬ ನೆಂಟರಿರುತ್ತಾರೆ. ಆ ವಾರಗಳಲ್ಲಿ ಆರಂಭಿಸಿದ ಪ್ರಯೋಗದ ಅಂಕಿಗಳು ಪ್ರಯೋಗದ ಬಗ್ಗೆ ಏನೂ ಹೇಳುವುದಿಲ್ಲ, ರಜೆಯ ಬಗ್ಗೆ ಹೇಳುತ್ತವೆ.

ಎಲ್ಲ ಸಮಾವೇಶಗಳಲ್ಲೂ ಓಇಇ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವುದು ಹೇಗೆ, ನಮಗೆ ಅದು ಬೇಕೇ?

ಓವರಾಲ್ ಎಕ್ವಿಪ್‌ಮೆಂಟ್ ಎಫೆಕ್ಟಿವ್‌ನೆಸ್, ಅಂದರೆ ಯಂತ್ರ ಒಟ್ಟಾರೆ ಎಷ್ಟು ಪರಿಣಾಮಕಾರಿಯಾಗಿ ದುಡಿಯಿತು ಎಂದು ಹೇಳುವ ಅಂಕಿ ಅದು. ಎಂಟು ಗಂಟೆಯ ಪಾಳಿಯಲ್ಲಿ ಊಟ, ಚಹಾದ 30 ನಿಮಿಷ ಕಳೆದರೆ 450 ನಿಮಿಷ ಉಳಿಯುತ್ತದೆ. ಸೆಟ್ಟಿಂಗ್ ಮತ್ತು ಬ್ರೇಕ್‌ಡೌನ್‌ನಲ್ಲಿ 90 ನಿಮಿಷ ಹೋದರೆ ಯಂತ್ರ ಓಡಿದ್ದು 360 ನಿಮಿಷ, ಅಂದರೆ ಲಭ್ಯತೆ ಶೇ. 80. ನಿಮಿಷಕ್ಕೊಂದು ಜಾಬ್ ಆಗಬೇಕಾದಲ್ಲಿ 288 ಮಾತ್ರ ಆಗಿದ್ದರೆ ವೇಗವೂ ಶೇ. 80. ಅವುಗಳಲ್ಲಿ 14 ರಿಜೆಕ್ಟ್ ಆಗಿ 274 ಸರಿಯಾಗಿ ಬಂದಿದ್ದರೆ ಗುಣಮಟ್ಟ ಶೇ. 95. ಮೂರನ್ನೂ ಗುಣಿಸಿದರೆ ಸುಮಾರು ಶೇ. 61.

ಇಡೀ ದಿನ ಯಂತ್ರದ ಸದ್ದು ಕೇಳಿಸುತ್ತಿದ್ದರೂ ನೂರರಲ್ಲಿ ನಲವತ್ತು ಭಾಗ ಎಲ್ಲೋ ಸೋರಿಹೋಗಿದೆ ಎಂದು ಈ ಲೆಕ್ಕ ತೋರಿಸುತ್ತದೆ, ಆದ್ದರಿಂದ ಸಾಲು ನಿಂತಿರುವ ಆ ಒಂದು ಯಂತ್ರಕ್ಕೆ ಅದು ಖಂಡಿತ ಬೇಕು. ಎಲ್ಲ ಯಂತ್ರಗಳಿಗೂ ಬೇಕೆಂದು ನನಗೆ ಅನ್ನಿಸುವುದಿಲ್ಲ. ಶೇ. 85 ಎಂಬ ಗುರಿ ಯಂತ್ರ ನಿರ್ವಹಣೆಯಲ್ಲಿ ಎಲ್ಲರನ್ನೂ ತೊಡಗಿಸುವ ಟಿಪಿಎಂ ಪದ್ಧತಿಯನ್ನು ರೂಪಿಸಿದ ಜಪಾನಿನ ಸೆಇಚಿ ನಕಾಜಿಮಾ ಅವರಿಂದ ಬಂದದ್ದು. ಅದನ್ನು ಗೋಡೆಗೆ ಅಂಟಿಸಿ ಒತ್ತಾಯ ಮಾಡಿದರೆ, ನಿಮಿಷಕ್ಕೊಂದು ಜಾಬ್ ಎಂದಿದ್ದ ಮಾನದಂಡ ಸದ್ದಿಲ್ಲದೆ ಒಂದೂಕಾಲು ನಿಮಿಷವಾಗುತ್ತದೆ, ಅಂಕಿ ಮೇಲೇರುತ್ತದೆ, ಮಾಲು ಅಷ್ಟೇ ಇರುತ್ತದೆ. ಒಟ್ಟು ಅಂಕಿಗಿಂತ, ಆ 90 ನಿಮಿಷ ಯಾವ ಯಾವ ಕಾರಣಕ್ಕೆ ಹೋಯಿತು ಎಂದು ಆಪರೇಟರ್ ತನ್ನ ಕೈಬರಹದಲ್ಲಿ ಬರೆದ ಪಟ್ಟಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಯಂತ್ರಗಳಿಗೆ ಸೆನ್ಸರ್ ಹಾಕಿ ಮೊಬೈಲಿನಲ್ಲೇ ಎಲ್ಲವನ್ನೂ ತೋರಿಸುವ ವ್ಯವಸ್ಥೆಯನ್ನು ಮಳಿಗೆಯಲ್ಲಿ ನೋಡಿದೆವು. ಕೊಳ್ಳಬಹುದೇ?

ಮೇಲೆ ಹೇಳಿದ ಪಟ್ಟಿಯನ್ನು ಒಂದು ತಿಂಗಳು ಕಾಗದದ ಮೇಲೆ ಬರೆದು, ಅದರಲ್ಲಿ ಕಂಡ ಒಂದು ತೊಂದರೆಯನ್ನಾದರೂ ಸರಿಪಡಿಸಿದ ಮೇಲೆ ಕೊಳ್ಳಿ. ಕಾಗದದಲ್ಲಿದ್ದಾಗ ಯಾರೂ ಓದದ ಅಂಕಿಯನ್ನು ಪರದೆಯ ಮೇಲೆ ಬಣ್ಣದಲ್ಲಿ ತೋರಿಸಿದರೂ ಮೊದಲ ಹದಿನೈದು ದಿನವಷ್ಟೇ ಓದುತ್ತಾರೆ. ಕೊಳ್ಳುವುದೇ ಆದರೆ, ನಿಮ್ಮಷ್ಟೇ ದೊಡ್ಡದಿರುವ, ಆ ವ್ಯವಸ್ಥೆಯನ್ನು ಎರಡು ವರ್ಷದಿಂದ ಬಳಸುತ್ತಿರುವ ಒಂದು ಘಟಕದ ವಿಳಾಸ ಕೇಳಿ, ಮಾರಾಟ ಪ್ರತಿನಿಧಿಯನ್ನು ಬಿಟ್ಟು ನೀವೊಬ್ಬರೇ ಹೋಗಿ ನೋಡಿಬನ್ನಿ. ಕರೆಂಟ್ ಹೋಗಿ ಬಂದಾಗ ಅದರ ಲೆಕ್ಕ ಏನಾಗುತ್ತದೆ ಎಂದು ಅಲ್ಲಿನ ಮೈಂಟೆನೆನ್ಸ್‌ನವರನ್ನು ಕೇಳಲು ಮರೆಯಬೇಡಿ.

ಹಣ ಹಾಕದೆ, ಬೇಗ ಫಲ ಕಾಣುವಂಥ ಪಾಠ ಯಾವುದಾದರೂ ಇದೆಯೇ?

ಕಂಪ್ರೆಸರ್‌ನಿಂದ ಯಂತ್ರಗಳಿಗೆ ಹೋಗುವ ಗಾಳಿಯ ಸೋರಿಕೆ ತಡೆಯುವುದು. ಇಂಧನ ಉಳಿತಾಯದ ಗೋಷ್ಠಿಗಳಲ್ಲಿ ಇದನ್ನು ಪದೇ ಪದೇ ಹೇಳುತ್ತಾರೆ, ನಾವು ಪದೇ ಪದೇ ಕೇಳಿ ಸುಮ್ಮನಾಗುತ್ತೇವೆ. ಏಳು ಬಾರ್ ಒತ್ತಡದ ಪೈಪಿನಲ್ಲಿ ಮೂರು ಮಿಲಿಮೀಟರ್ ತೂತಿದ್ದರೆ, ಅಲ್ಲಿ ಹೋಗುವ ಗಾಳಿಯನ್ನು ತುಂಬಿಕೊಡಲು ಕಂಪ್ರೆಸರ್ ಮೂರೂವರೆಯಿಂದ ನಾಲ್ಕು ಕಿಲೊವ್ಯಾಟ್‌ನಷ್ಟು ವಿದ್ಯುತ್ ತಿನ್ನುತ್ತದೆ. ನಾಲ್ಕು ಕಿಲೊವ್ಯಾಟ್ ಎಂದುಕೊಂಡು, ವರ್ಷಕ್ಕೆ 6,000 ಗಂಟೆ ನಡೆಯುವ ಕಾರ್ಖಾನೆಯಲ್ಲಿ ಅದು 24,000 ಯೂನಿಟ್ ಆಯಿತು. ಲೆಕ್ಕಕ್ಕೆಂದು ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 1,68,000 ರೂಪಾಯಿ. ಬಿಲ್ಲಿನಲ್ಲಿರುವ ನಿಮ್ಮದೇ ದರ ಹಾಕಿ ನೋಡಿಕೊಳ್ಳಿ.

ಒಂದು ಭಾನುವಾರ ಎಲ್ಲ ಯಂತ್ರಗಳೂ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಹಾಕಿ ಒಳಗೆ ನಡೆದುನೋಡಿ. ವಾರವಿಡೀ ಪ್ರೆಸ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ಬುಸ್ ಎನ್ನುವ ಸದ್ದು ಆಗ ಹತ್ತು ಕಡೆಯಿಂದ ಕೇಳಿಸುತ್ತದೆ. ಬಕೆಟ್ಟಿನಲ್ಲಿ ಸೋಪಿನ ನೀರು, ಒಂದು ಬ್ರಷ್ ಸಾಕು. ನೊರೆ ಎದ್ದ ಕಡೆ ಕೆಂಪು ದಾರ ಕಟ್ಟುತ್ತಾ ಹೋಗಿ. ನಮ್ಮಲ್ಲಿ ಬಹುಪಾಲು ದಾರ ಬಿದ್ದದ್ದು ಏರ್ ಗನ್‌ಗಳ ಹೋಸ್ ಕ್ಲಿಪ್ಪಿನ ಬಳಿ. ಸೋರಿಕೆ ನಿಂತ ಮೇಲೆ ಒತ್ತಡವನ್ನೂ ಇಳಿಸಬಹುದು. ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ ಶೇ. 6ರಿಂದ 7ರಷ್ಟು ಕಡಿಮೆಯಾಗುತ್ತದೆ.

5ಎಸ್ (ಕೆಲಸದ ಜಾಗವನ್ನು ಚೊಕ್ಕಟವಾಗಿ, ಒಪ್ಪವಾಗಿಡುವ ಜಪಾನಿ ಕ್ರಮ) ಮಾಡಿದೆವು, ಆರು ತಿಂಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ತಪ್ಪಿದ್ದೆಲ್ಲಿ?

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಒಂದು ಸಮಾವೇಶದಿಂದ ಬಂದ ಹುರುಪಿನಲ್ಲಿ, ಬಳಕೆಯಲ್ಲಿಲ್ಲದ ಸಾಮಾನುಗಳಿಗೆ ಕೆಂಪು ಚೀಟಿ ಅಂಟಿಸಿ ಹೊರಹಾಕುವ ಅಭಿಯಾನ ಮಾಡಿದೆ. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಫಿಕ್ಸ್ಚರ್ (ಜಾಬನ್ನು ಯಂತ್ರದಲ್ಲಿ ಹಿಡಿದಿಡುವ ಸಾಧನ) ಯಾವುದಕ್ಕೆ ಬಳಕೆಯಾಗುತ್ತದೆಂದು ಯಾರನ್ನೂ ಕೇಳದೆ ಸ್ಕ್ರ್ಯಾಪಿಗೆ ಹಾಕಿಸಿದೆ. ಮೂರು ತಿಂಗಳ ನಂತರ ಹಳೆಯ ಗ್ರಾಹಕರೊಬ್ಬರಿಂದ ಅದೇ ಜಾಬಿನ ಆರ್ಡರ್ ಬಂದಿತು. ಹೊಸ ಫಿಕ್ಸ್ಚರ್ ಮಾಡಿಸಲು ಹಣವೂ ಹೋಯಿತು, ಹತ್ತು ದಿನವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅಂದಿನಿಂದ ನಮ್ಮ ಹಿರಿಯ ಟರ್ನರ್ ಪ್ರತಿಯೊಂದು ತುಂಡನ್ನೂ ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡತೊಡಗಿದರು. ಬೇಡದ್ದು ಯಾವುದೆಂದು ತೀರ್ಮಾನಿಸುವ ಹಕ್ಕು ಆ ಜಾಗದಲ್ಲಿ ದುಡಿಯುವವರಿಗೆ ಇರಬೇಕು, ತೀರ್ಮಾನವಾದ ಸಾಮಾನನ್ನೂ ಒಂದು ವರ್ಷ ಬೇರೆ ಶೆಡ್ಡಿನಲ್ಲಿ ಚೀಟಿ ಸಮೇತ ಇಡಬೇಕು. ಅಭಿಯಾನ ಮಾಡಿ ಫೋಟೊ ತೆಗೆಸಿಕೊಂಡು ಬಿಟ್ಟರೆ ಆರು ತಿಂಗಳೂ ಹೆಚ್ಚೇ.

ಸರ್ಕಾರದ ನೆರವು ಸಿಗುತ್ತದೆಯೇ?

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗಾಗಿ ಇರುವ ಸರ್ಕಾರಿ ನೋಂದಣಿ) ಇರುವ ಉತ್ಪಾದನಾ ಘಟಕಗಳಿಗೆ ಸಿಗುತ್ತದೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಆರಂಭಿಸಿದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ (ಸೂಕ್ಷ್ಮ, ಸಣ್ಣ, ಮಧ್ಯಮ ಘಟಕಗಳಲ್ಲಿ ವ್ಯರ್ಥವನ್ನು ಕಡಿಮೆ ಮಾಡುವ ಯೋಜನೆ) ಮೂರು ಹಂತಗಳಿದ್ದು, ಸಲಹೆಗಾರರು ಬಂದು ಕೈಹಿಡಿದು ನಡೆಸುವ ವೆಚ್ಚದ ಶೇ. 90ರಷ್ಟನ್ನು ಸರ್ಕಾರ ಭರಿಸುತ್ತದೆ. ದೋಷವಿಲ್ಲದ, ಪರಿಸರಕ್ಕೆ ಹಾನಿ ಮಾಡದ ಉತ್ಪಾದನೆಗೆ ಕೊಡುವ ಜೆಡ್ ಪ್ರಮಾಣೀಕರಣದಲ್ಲಿ ಶುಲ್ಕದ ರಿಯಾಯಿತಿ ಸೂಕ್ಷ್ಮ ಘಟಕಗಳಿಗೆ ಶೇ. 80, ಸಣ್ಣವಕ್ಕೆ ಶೇ. 60, ಮಧ್ಯಮಕ್ಕೆ ಶೇ. 50 ಎಂದು ಯೋಜನೆಯಲ್ಲಿದೆ. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಘಟಕದ ಮಿತಿ ಎರಡೂವರೆ ಕೋಟಿ ಹೂಡಿಕೆ, ಹತ್ತು ಕೋಟಿ ವಹಿವಾಟಿಗೆ ಏರಿರುವುದರಿಂದ, ನೀವು ಯಾವ ವರ್ಗಕ್ಕೆ ಸೇರುತ್ತೀರಿ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ನಮ್ಮದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಸಿಪ್ಪೆ ಬಿಡಿಸಿ, ಬೀಜವನ್ನು ವಿಂಗಡಿಸುವ ಕಾರ್ಖಾನೆ). ಎಂಜಿನಿಯರಿಂಗ್‌ನವರ ಈ ಮಾತುಗಳು ನಮಗೆ ಅನ್ವಯಿಸುತ್ತವೆಯೇ?

ಡೈ ಬದಲಾವಣೆಯ ಜಾಗದಲ್ಲಿ ಬೀಜವನ್ನು ಗಾತ್ರದಂತೆ ಬೇರ್ಪಡಿಸುವ ಗ್ರೇಡರಿನ ಜರಡಿ ಬದಲಾವಣೆಯನ್ನು ಇಟ್ಟು ಓದಿಕೊಳ್ಳಿ, ಬಹುಪಾಲು ಅನ್ವಯಿಸುತ್ತದೆ. ವ್ಯತ್ಯಾಸವಿರುವುದು ಹಂಗಾಮಿನಲ್ಲಿ. ತೋಟಗಳಿಂದ ಪಾರ್ಚ್‌ಮೆಂಟ್ (ಒಳಪೊರೆ ಇರುವ ಬೀಜ), ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಬಂದು ಬೀಳುವ ತಿಂಗಳುಗಳಲ್ಲಿ ಹಲ್ಲರ್ (ಸಿಪ್ಪೆ ಬಿಡಿಸುವ ಯಂತ್ರ) ನಿಲ್ಲಿಸಿ ಪ್ರಯೋಗ ಮಾಡಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಹಂಗಾಮಿನಲ್ಲಿ ಬರೆದಿಡುವುದು, ಮಳೆಗಾಲದಲ್ಲಿ ಆ ಬರಹ ನೋಡಿ ಯಂತ್ರ ಸರಿಪಡಿಸುವುದು ಎಂದು ಕೆಲಸವನ್ನು ಎರಡು ಮಾಡಿಕೊಳ್ಳಬೇಕು.

ಕಾಫಿಯವರು ಸಮಾವೇಶಗಳಿಂದ ಮೊದಲು ತರಬೇಕಾದ ಪಾಠ ಲಾಟುಗಳ (ಒಂದೇ ತೋಟದಿಂದ ಒಟ್ಟಿಗೆ ಬಂದ ಮಾಲಿನ) ಗುರುತಿನದು ಎಂದು ನನ್ನ ಅಭಿಪ್ರಾಯ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯುವ ಹೊತ್ತಿಗೆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಜಾರಿಗೆ ಬಂದು ಮೂರು ತಿಂಗಳಾಗಿತ್ತು. ಅದರಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂದು ನಕ್ಷೆಯ ಗುರುತಿನೊಂದಿಗೆ ತೋರಿಸಬೇಕು. ಪಾಲನೆಯ ಗಡುವು ಮುಂದಕ್ಕೆ ಹೋಗುತ್ತಾ ಬಂದಿದೆ, ಅಷ್ಟರಲ್ಲೇ ನೆಮ್ಮದಿಪಟ್ಟು ಕೂರಬಾರದು. ಬೆಳೆಗಾರರು ತೋಟದ ಗುರುತನ್ನು ಎಷ್ಟೇ ಸರಿಯಾಗಿ ಕೊಟ್ಟರೂ, ಕ್ಯೂರಿಂಗ್ ಅಂಗಳದಲ್ಲಿ ಎರಡು ಲಾಟು ಬೆರೆತರೆ ಆ ಗುರುತು ಅಲ್ಲಿಗೇ ಮುಗಿಯಿತು. ಒಣಗಿಸುವ ಕಣದಿಂದ ಗೋದಾಮಿನವರೆಗೆ ಚೀಟಿ ಎಲ್ಲಿ ಕಳಚಿಕೊಳ್ಳುತ್ತದೆ ಎಂದು ಒಂದು ಲಾಟಿನ ಹಿಂದೆಯೇ ನಡೆದು ನೋಡಿ.

ಪ್ರತಿ ವರ್ಷವೂ ಹೋಗುವ ಅಗತ್ಯವಿದೆಯೇ?

ಕೇಳಬೇಕಾದ ಪ್ರಶ್ನೆಯೊಂದು ಇದ್ದರೆ ಹೋಗಿ. ಯಂತ್ರೋಪಕರಣಗಳ ದೊಡ್ಡ ಮೇಳವಾದ ಇಮ್‌ಟೆಕ್ಸ್ ನಡೆಯುವ ಪ್ರದರ್ಶನ ಕೇಂದ್ರ ತುಮಕೂರು ರಸ್ತೆಯ ಮಾದಾವರದಲ್ಲಿರುವುದು ಹಾಸನದವರಿಗೆ ಒಂದು ಅನುಕೂಲ. ನೆಲಮಂಗಲ ದಾಟಿದ ಮೇಲೆ, ನಗರದ ಒಳಗಿನ ವಾಹನ ದಟ್ಟಣೆಗೆ ಸಿಕ್ಕಿಕೊಳ್ಳುವ ಮೊದಲೇ ಇಳಿದುಬಿಡಬಹುದು, ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದು.

ಹೋಗುವಾಗ ನಿಮ್ಮಲ್ಲಿ ಪದೇ ಪದೇ ರಿಜೆಕ್ಟ್ ಆಗುವ ಒಂದು ಜಾಬನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಳ್ಳಿ. ಬರಿಗೈಯಲ್ಲಿ ಮಳಿಗೆಗೆ ಹೋದವರಿಗೆ ಮುಂದೆ ನಿಂತಿರುವ ಹುಡುಗರು ಬ್ರೋಷರ್ ಕೊಟ್ಟು ಕಳಿಸುತ್ತಾರೆ. ಒಳರಂಧ್ರದಲ್ಲಿ ಗೀರು ಬಿದ್ದ ಜಾಬನ್ನು ಮೇಜಿನ ಮೇಲಿಟ್ಟು "ಇದು ಯಾಕೆ ಹೀಗಾಗುತ್ತಿದೆ ಸ್ವಾಮಿ" ಎಂದು ಕೇಳಿದರೆ, ಹಿಂದೆ ಕುಳಿತು ಚಹಾ ಕುಡಿಯುತ್ತಿದ್ದ ಹಿರಿಯ ಎಂಜಿನಿಯರ್ ಲೋಟ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು ಎದ್ದು ಬರುತ್ತಾರೆ.